ಮೇಜಿನ ಮೇಲೆ ಒಂದು ಕೊಳಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸಂಜೆ ಹೊತ್ತು ಉಪನ್ಯಾಸ ಇಟ್ಟುಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಭಾಷಣಕಾರರ ಬಿಡುವನ್ನಲ್ಲ, ಕೊನೆಯ ಬಸ್ಸಿನ ಹೊತ್ತನ್ನು. ಇಲ್ಲಿ ಊರೆಂದರೆ ಗೋಡೆಗೆ ಗೋಡೆ ತಾಗಿದ ಬಯಲುಸೀಮೆಯ ಊರಲ್ಲ. ತೋಟದ ಮೇಲ್ಗಡೆ ಒಂದು ಮನೆ, ಹಳ್ಳ ದಾಟಿ ಗುಡ್ಡ ಹತ್ತಿದರೆ ಇನ್ನೊಂದು ಮನೆ. ಅರ್ಧ ಭಾಷಣದಲ್ಲಿ ಯಾರಾದರೂ ಎದ್ದು ಕೊಡೆ ಹುಡುಕಿದರೆ ಅದು ಭಾಷಣದ ಮೇಲಿನ ಟೀಕೆಯಲ್ಲ. ಅವರಿಗೆ ಬಸ್ಸಿಳಿದ ಮೇಲೂ ಎರಡು ಮೈಲಿ ಕತ್ತಲೆ ದಾರಿ ಇರುತ್ತದೆ.

ತಿಂಗಳು ನೋಡಿ ಇಟ್ಟುಕೊಳ್ಳೋಣವೆಂದರೂ ಸುಲಭವಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ಶಾಲೆಯ ಹಾಲ್‌ಗೆ ತಗಡು ಹೊದೆಸಿದ್ದರೆ ಮೈಕು ಇದ್ದೂ ಇಲ್ಲದ ಹಾಗೆ. ಮಳೆ ನಿಂತಿತೆನ್ನುವಷ್ಟರಲ್ಲಿ ಅಡಿಕೆ ಕೊಯ್ಲು. ಹಗಲೆಲ್ಲ ಕೊನೆ ಇಳಿಸಿ, ರಾತ್ರಿ ಸುಲಿಯುವ ಮನೆಗಳಲ್ಲಿ ಚರಿತ್ರೆ ಕೇಳಲು ಯಾರಿಗೆ ಪುರಸೊತ್ತು? ಅದರ ಬೆನ್ನಿಗೇ ಕಾಫಿ ಕೊಯ್ಲು, ಆಮೇಲೆ ಮಕ್ಕಳ ಪರೀಕ್ಷೆ, ಆಮೇಲೆ ಮದುವೆ. ಇಷ್ಟೆಲ್ಲದರ ನಡುವೆ ಒಂದು ಸಂಜೆ ಮೂವತ್ತು ಜನ ಒಂದೆಡೆ ಕೂತು ತಮ್ಮ ಊರಿನ ಬಗ್ಗೆ ಒಬ್ಬರು ಹೇಳುವುದನ್ನು ಕೇಳುತ್ತಾರೆಂದರೆ, ಆ ಮೂವತ್ತನ್ನು ಕಡಿಮೆ ಎನ್ನುವುದು ಲೆಕ್ಕ ಗೊತ್ತಿಲ್ಲದವರ ಮಾತು.

ಬಸ್ಸಿನ ಪ್ರಸ್ತಾಪ ಬಂತು. ಕೊಪ್ಪದ ಬಸ್ಸಿಗೇ ಒಂದು ಚರಿತ್ರೆಯಿದೆ, ಅದನ್ನು ದಾಟಿ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಒಂದು ಖಾಸಗಿ ಬಸ್ ಕಂಪನಿ ನಿಂತುಹೋದಾಗ ಅದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಒಟ್ಟಾಗಿ 1991ರಲ್ಲಿ ಸಹಕಾರ ಸಂಘ ಕಟ್ಟಿ ಬಸ್ಸು ಓಡಿಸಿದರು. ಅದೇ ಸಹಕಾರ ಸಾರಿಗೆ. ಕಾರ್ಮಿಕರೇ ಮಾಲೀಕರು. ಸರ್ಕಾರಿ ಬಸ್ಸು ಮುಖ ತೋರಿಸದ ಒಳದಾರಿಗಳಲ್ಲಿ ಈ ಬಸ್ಸುಗಳು ಓಡಿದವು. ಶಾಲೆಯ ಮಕ್ಕಳಿಗೆ ರಿಯಾಯಿತಿ ಕೊಟ್ಟವು, ಹಾಲಿನ ಕ್ಯಾನು, ಔಷಧಿ ಪೊಟ್ಟಣ, ಮದುವೆಯ ಕಾಗದ ಎಲ್ಲವನ್ನೂ ಹೊತ್ತವು. ನಷ್ಟ ತಾಳಲಾರದೆ 2020ರ ಆರಂಭದಲ್ಲಿ ನಿಂತವು. ಸುಮಾರು ಮೂರು ದಶಕ ಮಲೆನಾಡಿನ ಒಂದು ಮೂಲೆಯ ಓಡಾಟವೆಲ್ಲ ಕೆಲಸಗಾರರ ಕೈಯಲ್ಲಿತ್ತು ಎಂಬುದು ನಾಡಿನ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಊರಿನ ಇತಿಹಾಸದ ಮೇಲೆ ಉಪನ್ಯಾಸ ಎಂದಾಗ ಇದನ್ನು ಇತಿಹಾಸವೆಂದು ನಾವು ಎಣಿಸುವುದೇ ಇಲ್ಲ. ಟಿಕೆಟ್ ಪುಸ್ತಕ, ಟ್ರಿಪ್ ಶೀಟು, ಸಂಘದ ಮಹಾಸಭೆಯ ನಡಾವಳಿ ಇವೆಲ್ಲ ಗಾಜಿನ ಪೆಟ್ಟಿಗೆಗೆ ತಕ್ಕವು ಎಂದು ನಮಗೆ ಅನ್ನಿಸುವುದಿಲ್ಲ. ಇನ್ನೂರು ವರ್ಷ ಹಳೆಯದಾದರೆ ಮಾತ್ರ ಇತಿಹಾಸ.

ಊರೂರಿಗೆ ಹೋಗಿ ಸಂಜೆ ಉಪನ್ಯಾಸ ಕೊಡುವ ಪದ್ಧತಿ ಕನ್ನಡದಲ್ಲಿ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯ 1930ರ ದಶಕದಿಂದಲೇ ತನ್ನ ಅಧ್ಯಾಪಕರನ್ನು ತಾಲ್ಲೂಕು ಕೇಂದ್ರಗಳಿಗೆ, ಹಳ್ಳಿಗಳಿಗೆ ಕಳಿಸಿ ಪ್ರಚಾರೋಪನ್ಯಾಸ ಮಾಡಿಸಿತು, ಆ ಉಪನ್ಯಾಸಗಳನ್ನು ಜೇಬಿನಲ್ಲಿ ಹಿಡಿಸುವ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಪ್ರಸಾರಾಂಗದ ಆ ಕಿರುಹೊತ್ತಗೆಗಳು ನಮ್ಮ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಸಿಗುತ್ತವೆ. ದೊಡ್ಡ ವಿದ್ವಾಂಸರು ಬಸ್ಸು ಹತ್ತಿ ಬಂದು, ಹಣತೆಯ ಮುಂದೆಯೋ ಗ್ಯಾಸ್‌ಲೈಟಿನ ಮುಂದೆಯೋ ನಿಂತು ಮಾತಾಡಿದ ಕಾಲ ಅದು. ಈಗ ಆ ಕೆಲಸವನ್ನು ಬಹುಮಟ್ಟಿಗೆ ಹೊತ್ತಿರುವುದು ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ. ತೀರಿಕೊಂಡ ತಂದೆತಾಯಿಯ ಹೆಸರಿನಲ್ಲಿ ಯಾರೋ ಒಂದು ಮೊತ್ತ ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಇಂಥ ವಿಷಯದ ಮೇಲೆ ಉಪನ್ಯಾಸ ಆಗಬೇಕು ಎಂಬ ಷರತ್ತು. ಬಡ್ಡಿ ದರ ಇಳಿದಂತೆಲ್ಲ ದತ್ತಿಯ ಹಣ ಭಾಷಣಕಾರರ ಪ್ರಯಾಣಕ್ಕೂ ಸಭಿಕರ ಕಾಫಿಗೂ ಸಾಲದೆ ತಾಲ್ಲೂಕು ಘಟಕದ ಅಧ್ಯಕ್ಷರು ಕೈಯಿಂದ ಹಾಕುವುದೂ ಉಂಟು. ಆದರೂ ನಡೆಯುತ್ತದೆ. ಸತ್ತವರ ನೆನಪಿಗೆ ಒಂದು ಭಾಷಣವನ್ನು ಇಡುವ ಈ ಕ್ರಮ ನನಗೆ ಬಹಳ ಇಷ್ಟ. ಅನ್ನದಾನಕ್ಕೆ ಇಟ್ಟ ಹಣದ ಸಾಲಿನಲ್ಲೇ ಮಾತಿಗೆ ಇಟ್ಟ ಹಣವನ್ನೂ ಕೂರಿಸಿದ್ದಾರಲ್ಲ.

ಕಾರ್ಯಕ್ರಮ ನಡೆಯುವ ರೀತಿ ಮಾತ್ರ ಎಲ್ಲರಿಗೂ ಗೊತ್ತಿರುವಂಥದ್ದೇ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಉದ್ಘಾಟಕರ ಮಾತು, ದತ್ತಿ ದಾನಿಗಳ ಪರಿಚಯ, ಸನ್ಮಾನ. ಇಷ್ಟಾದ ಮೇಲೆ ಉಪನ್ಯಾಸಕರ ಕೈಗೆ ಮೈಕು ಸಿಗುವಾಗ ಹೊತ್ತು ಕಂತಿರುತ್ತದೆ. ಅವರು ನಲವತ್ತು ನಿಮಿಷದ ವಿಷಯವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸುತ್ತಾರೆ. ಅಧ್ಯಕ್ಷರ ಭಾಷಣ ಆಗುತ್ತದೆ. ಸಮಯದ ಅಭಾವದಿಂದ ಪ್ರಶ್ನೋತ್ತರ ಬಿಟ್ಟಿದ್ದೇವೆ ಎಂದು ನಿರೂಪಕರು ಹೇಳಿ ವಂದನಾರ್ಪಣೆಗೆ ಕರೆಯುತ್ತಾರೆ. ಬಿಟ್ಟದ್ದು ಯಾವುದು ನೋಡಿ. ಹಾರ, ಶಾಲು, ಹಣ್ಣಿನ ಬುಟ್ಟಿ ಯಾವುದೂ ಅಲ್ಲ. ಹಿಂದಿನ ಬೆಂಚಿನ ಹಿರಿಯರೊಬ್ಬರು ಹೊರಗೆ ಮೆಟ್ಟಿಲ ಹತ್ತಿರ ಉಪನ್ಯಾಸಕರನ್ನು ಹಿಡಿದು, "ನಮ್ಮ ಗದ್ದೆ ಅಂಚಲ್ಲೂ ಒಂದು ಕಲ್ಲು ಉಂಟು ಮಾರಾಯ್ರೆ, ಅದರ ಮೇಲೆ ಏನೋ ಬರ್ದಿದೆ" ಎಂದು ಹೇಳುವುದು ಆಮೇಲೆ.

ಹೇಳಲು ಸಾಮಗ್ರಿಗೇನೂ ಬರವಿಲ್ಲ. ಆಗ ಕಡೂರು ಜಿಲ್ಲೆ ಎನ್ನಿಸಿಕೊಂಡಿದ್ದ ಈ ಪ್ರದೇಶದ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕದ ಆರನೇ ಸಂಪುಟವಾಗಿ 1901ರಲ್ಲೇ ಪ್ರಕಟಿಸಿದರು. ಮಳೆಗಾಗಿ ಬೇಡಿಕೊಳ್ಳಲೂ ಮಳೆ ನಿಲ್ಲಿಸೆಂದು ಬೇಡಿಕೊಳ್ಳಲೂ ಜನ ಹೋಗುವ ಕಿಗ್ಗದಲ್ಲಿ ಆಳುಪ ಅರಸರ ಶಾಸನಗಳಿವೆ. ಸುಮಾರು ಏಳನೇ ಶತಮಾನದವು, ಶೃಂಗೇರಿಯ ವಿದ್ಯಾಶಂಕರ ಗುಡಿಗಿಂತ ಎಷ್ಟೋ ಹಿಂದಿನವು. ಶೃಂಗೇರಿ ಪೇಟೆಯ ನಡುವೆಯೇ ಹನ್ನೆರಡನೇ ಶತಮಾನದ ಪಾರ್ಶ್ವನಾಥ ಬಸದಿ ಇದೆ. ಶಾರದಾಂಬೆಯ ದರ್ಶನಕ್ಕೆ ಬರುವ ಸಾವಿರಾರು ಜನರಲ್ಲಿ ಅದರ ಬಾಗಿಲು ನೋಡಿದವರು ಕಡಿಮೆ. ವಿಜಯನಗರದ ಹರಿಹರ ತನ್ನ ತಮ್ಮಂದಿರೊಡನೆ 1346ರಲ್ಲಿ ಶೃಂಗೇರಿಗೆ ಬಂದು ಭಾರತೀತೀರ್ಥರಿಗೂ ಶಿಷ್ಯರಿಗೂ ಭೂಮಿ ಬಿಟ್ಟದ್ದು ಕಲ್ಲಿನ ಮೇಲೆ ಉಳಿದಿದೆ. ಶೃಂಗೇರಿಯಲ್ಲಿ ಅದ್ವೈತ ಪೀಠ, ನರಸಿಂಹರಾಜಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ವೀರಶೈವರ ರಂಭಾಪುರಿ ಪೀಠ, ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಜೈನ ಕ್ಷೇತ್ರ. ಬೆಳಿಗ್ಗೆ ಹೊರಟರೆ ಮೂರನ್ನೂ ನೋಡಿ ಸಂಜೆಗೆ ಮನೆ ಸೇರಬಹುದು. ಇಷ್ಟು ಹತ್ತಿರ ಇದ್ದವರು ಶತಮಾನಗಳ ಕಾಲ ಪರಸ್ಪರ ಹೇಗಿದ್ದರು ಎಂಬುದೊಂದೇ ಹತ್ತು ಸಂಜೆಗಳ ವಿಷಯ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಶೃಂಗೇರಿ ಮಠದ ಕಡತಗಳು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಪುಡಿ ಬಳಿದು ಕಪ್ಪಗೆ ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದವು. ಒರೆಸಿದರೆ ಅಳಿಸಿಹೋಗುವ ಬರಹ ಶತಮಾನ ದಾಟಿ ಬಂದಿದೆ. ಎ.ಕೆ. ಶಾಸ್ತ್ರಿಯವರಂಥ ವಿದ್ವಾಂಸರು ವರ್ಷಗಟ್ಟಲೆ ಕೂತು ಇವುಗಳನ್ನು ಓದಿ ಬೆಳಕಿಗೆ ತಂದರು. ಅಲ್ಲಿ ಅರಸರ ಬಿನ್ನವತ್ತಳೆಗಳ ಜೊತೆಗೆ ಅಕ್ಕಿಯ ಲೆಕ್ಕವಿದೆ, ಭೂಮಿಯ ವ್ಯವಹಾರವಿದೆ, ಊರಿನ ತಕರಾರುಗಳಿವೆ. ಶೃಂಗೇರಿ ಬಹುಕಾಲ ಮಠದ ಜಹಗೀರಾಗಿತ್ತು. ಹಾಗಾಗಿ ಗುರುಪೀಠದ ದಾಖಲೆಯೇ ರೈತರ ದಾಖಲೆಯೂ ಹೌದು.

ಟಿಪ್ಪು ಸುಲ್ತಾನನ ಕಾಗದಗಳು ಹೊರಬಂದದ್ದೂ ಈ ಮಠದಿಂದಲೇ. ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 1916ರಲ್ಲಿ ಅವನ್ನು ಕಂಡು ಪ್ರಕಟಿಸಿದರು. ಕನ್ನಡದಲ್ಲಿರುವ ಸುಮಾರು ಮೂವತ್ತು ಪತ್ರ. 1791ರಲ್ಲಿ ಮರಾಠ ಸೈನ್ಯದ ಕುದುರೆ ದಂಡು ಶೃಂಗೇರಿಯನ್ನು ಸುಲಿದು, ಶಾರದೆಯ ಮೂರ್ತಿಯನ್ನು ಸ್ಥಾನಪಲ್ಲಟ ಮಾಡಿದ ಮೇಲೆ ಮರುಪ್ರತಿಷ್ಠೆಗೆ ಹಣ, ಸಾಮಾನು ಕೊಡಬೇಕೆಂದು ಟಿಪ್ಪು ನಗರ ಸೀಮೆಯ ಅಧಿಕಾರಿಗೆ ಅಪ್ಪಣೆ ಕಳಿಸಿದ. ಗುರುಗಳನ್ನು ಜಗದ್ಗುರು ಎಂದೇ ಕರೆದ. ಅದೇ ಅರಸ ಕೊಡಗಿನಲ್ಲಿ, ಮಲಬಾರಿನಲ್ಲಿ ನಡೆಸಿದ್ದು ಬೇರೆ ಕಥೆ. ಮೊಬೈಲಿನಲ್ಲಿ ಈ ಸಂಗತಿ ಬಂದರೆ ಒಬ್ಬರಿಗೆ ಕಾಗದ ಮಾತ್ರ ಬೇಕು, ಇನ್ನೊಬ್ಬರಿಗೆ ಕೊಡಗು ಮಾತ್ರ ಬೇಕು. ತಮಗೆ ಬೇಡದ್ದನ್ನು ಬೆರಳಲ್ಲಿ ಸರಿಸಿಬಿಡುತ್ತಾರೆ. ಶೃಂಗೇರಿಯ ಒಂದು ಹಾಲ್‌ನಲ್ಲಿ ಐವತ್ತು ಜನರ ಎದುರು ನಿಂತು ಹೇಳುವಾಗ ಆ ಸೌಕರ್ಯವಿಲ್ಲ. ಅರ್ಧ ಹೇಳಿದರೆ ಇನ್ನರ್ಧ ಗೊತ್ತಿರುವವರು ಮೂರನೇ ಸಾಲಿನಲ್ಲಿ ಕೂತಿರುತ್ತಾರೆ, ನಾಳೆ ಬೆಳಿಗ್ಗೆ ಹಾಲು ಡೈರಿಯ ಹತ್ತಿರ ಸಿಗುತ್ತಾರೆ. ಒಂಟಿಯಾಗಿ ಓದುವುದಕ್ಕೂ ಒಟ್ಟಿಗೆ ಕೂತು ಕೇಳುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಈ ಇಷ್ಟು ಬಹಳ ದೊಡ್ಡದು. ನಮಗೆ ಹಿತವಾಗದ ಸತ್ಯವನ್ನು ನೆರೆಯವರ ಎದುರು ಕೂತು ಕೇಳಿಸಿಕೊಳ್ಳುವ ಅಭ್ಯಾಸ ಅದು.

ಆದರೂ ಟಿಪ್ಪು ದೂರದವನು. ವಿದ್ಯಾಶಂಕರ ಗುಡಿಯ ಹನ್ನೆರಡು ರಾಶಿಕಂಬಗಳು ಇನ್ನೂ ದೂರ. ಅವುಗಳ ಬಗ್ಗೆ ಎಷ್ಟು ಹೇಳಿದರೂ ಸಭೆಯಲ್ಲಿ ಯಾರ ಮುಖವೂ ಬಾಡುವುದಿಲ್ಲ. ಕಷ್ಟ ಶುರುವಾಗುವುದು ಹತ್ತಿರ ಬಂದಾಗ.

ಕೊಳಗವನ್ನು ತೆಗೆದುಕೊಳ್ಳಿ. ನಮ್ಮ ಕಡೆಯ ಯಾವ ಹಳೆಯ ವಸ್ತುಗಳ ಸಂಗ್ರಹಕ್ಕೆ ಹೋದರೂ ಅದೊಂದು ಇದ್ದೇ ಇರುತ್ತದೆ. ಒನಕೆ, ಬೀಸುಕಲ್ಲು, ಗೊರಬು, ಮರಿಗೆ, ತಾಮ್ರದ ಹಂಡೆ, ಪಕ್ಕದಲ್ಲಿ ಕೊಳಗ, ಸೇರು, ಪಾವು. ಕೆಳಗೆ ಚೀಟಿ: ಧಾನ್ಯ ಅಳೆಯುವ ಸಾಧನ. ಈಚೆಗೆ ಹೋಮ್‌ಸ್ಟೇಗಳ ಜಗುಲಿಯಲ್ಲೂ ಎಣ್ಣೆ ಹಚ್ಚಿ ಮಿರುಗಿಸಿ ಇಟ್ಟಿರುತ್ತಾರೆ, ಅಲ್ಲಿ ಚೀಟಿಯೂ ಇಲ್ಲ. ಬೆಂಗಳೂರಿನಿಂದ ಬಂದ ಮಕ್ಕಳು ಅದರೊಳಗೆ ಕೈ ಹಾಕಿ ನೋಡುತ್ತಾರೆ. ಚೀಟಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಯಾರು ಅಳೆಯುತ್ತಿದ್ದರು, ಯಾರ ಅಂಗಳದಲ್ಲಿ ಅಳೆಯುತ್ತಿದ್ದರು, ಅಳೆಯುವಾಗ ಎದುರು ಕೈಕಟ್ಟಿ ನಿಂತವರು ಯಾರು ಎಂದು ಅದು ಹೇಳುವುದಿಲ್ಲ. ಪಕ್ಕದ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಇದೇ ಕೊಳಗದ ವಿಷಯಕ್ಕೆ. ಗೇಣಿ ಭತ್ತ ಅಳೆದುಕೊಳ್ಳುವ ಧಣಿಗಳ ಕೊಳಗ ದೊಡ್ಡದು, ಅಳತೆ ಸರಿಯಿರಬೇಕು ಎಂದಷ್ಟೇ ಅವರ ಮೊದಲ ಬೇಡಿಕೆ. ಎಚ್. ಗಣಪತಿಯಪ್ಪ ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸ್ವಾತಂತ್ರ್ಯೋತ್ತರ ಕರ್ನಾಟಕದ ರಾಜಕೀಯವನ್ನೇ ತಿರುಗಿಸಿದ ಒಂದು ಹೋರಾಟ ಒಂದು ಮರದ ಪಾತ್ರೆಯ ಗಾತ್ರದಿಂದ ಹುಟ್ಟಿತು.

ಕೊಪ್ಪದ ಸಭೆಯೊಂದರಲ್ಲಿ ಕಾಗೋಡಿನ ಕಥೆ ಹೇಳಬಹುದು, ಚಪ್ಪಾಳೆ ಬೀಳುತ್ತದೆ. ಅದು ಸಾಗರದ್ದಲ್ಲವೇ. ಅದೇ ಉಪನ್ಯಾಸಕ, "ಇನ್ನು ನಮ್ಮ ಹೋಬಳಿಗೆ ಬರೋಣ" ಎಂದರೆ ಹಾಲ್ ಬಿಗಿಯುತ್ತದೆ. ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ತಾವು ಗೇಣಿಗೆ ಹಿಡಿದ ಜಮೀನಿಗಾಗಿ ಏಳನೇ ನಂಬರಿನ ಫಾರಂ ತುಂಬಿ ಭೂನ್ಯಾಯಮಂಡಳಿಗೆ ಹಾಕಿದರು. ಊರಿನ ಬಾಯಲ್ಲಿ ಅದು ಡಿಕ್ಲರೇಷನ್. "ಅವರು ನಮ್ಮ ಗದ್ದೆಗೆ ಡಿಕ್ಲರೇಷನ್ ಹಾಕಿದರು" ಎಂದು ಒಂದು ಮನೆಯಲ್ಲಿ, "ನಾವು ಡಿಕ್ಲರೇಷನ್ ಹಾಕಿ ಉಳಿದುಕೊಂಡೆವು" ಎಂದು ಇನ್ನೊಂದು ಮನೆಯಲ್ಲಿ ಈಗಲೂ ಹೇಳುತ್ತಾರೆ. ಐವತ್ತು ವರ್ಷ ಕಳೆದರೂ ಮದುವೆ ಕಾಗದ ಕೊಡಲು ಹೊರಟಾಗ ಯಾವ ಮನೆ ಬಿಡುವುದು, ಯಾವ ಮನೆಗೆ ಹೋಗುವುದು ಎಂಬಲ್ಲಿ ಆ ಫಾರಂ ನೆನಪಾಗುತ್ತದೆ. ಹಾಲ್‌ನಲ್ಲಿ ಎರಡೂ ಮನೆಯವರು ಕೂತಿದ್ದಾರೆ. ಒಬ್ಬರ ಅಜ್ಜ ಕೊಳಗ ಹಿಡಿದವರು, ಇನ್ನೊಬ್ಬರ ಅಜ್ಜ ಚೀಲದ ಬಾಯಿ ಹಿಡಿದವರು. ಇವತ್ತು ಇಬ್ಬರೂ ಅಡಿಕೆ ಬೆಳೆಗಾರರು, ಎಲೆಚುಕ್ಕಿ ರೋಗಕ್ಕೆ ಒಂದೇ ಅಂಗಡಿಯಲ್ಲಿ ಔಷಧಿ ಕೊಳ್ಳುತ್ತಾರೆ.

ಕಥೆ ಅಷ್ಟು ಸರಳವೂ ಅಲ್ಲ. ಗದ್ದೆ ಕಳೆದುಕೊಂಡವರೆಲ್ಲ ದೊಡ್ಡ ಜಮೀನ್ದಾರರಲ್ಲ. ಸಾಗುವಳಿ ಮಾಡಲಾರದೆ ಎರಡು ಎಕರೆ ಗೇಣಿಗೆ ಕೊಟ್ಟಿದ್ದ ವಿಧವೆಯರಿದ್ದರು, ದೇವಸ್ಥಾನದ ಅರ್ಚಕರಿದ್ದರು. ಇತ್ತ ಉತ್ತು ಬಿತ್ತರೂ ಗೇಣಿಚೀಟಿ ಇಲ್ಲದ, ಹೆಸರೆಲ್ಲೂ ಬರೆಸಿಕೊಳ್ಳದ ಜನರಿದ್ದರು. ಜೀತದಾಳಿಗೆ, ತೋಟದ ಕೂಲಿಯವನಿಗೆ, ಘಟ್ಟದ ಕೆಳಗಿನಿಂದ ಎಸ್ಟೇಟಿನ ಕೆಲಸಕ್ಕೆ ಬಂದವನಿಗೆ ಏಳನೇ ನಂಬರಿನ ಫಾರಂ ಅನ್ವಯಿಸಲೇ ಇಲ್ಲ. ಉಳುವವನೇ ಒಡೆಯ ಎಂಬ ಘೋಷಣೆಯಲ್ಲಿ ಉಳುವವನೆಂದರೆ ಗೇಣಿದಾರ, ನೇಗಿಲು ಹಿಡಿದವನಲ್ಲ. ಜೀತ ನಿಷೇಧದ ಕಾನೂನು 1976ರಲ್ಲಿ ಬಂತು, ಅದು ಜಮೀನು ಕೊಡಲಿಲ್ಲ. ಈ ಮೂರನೆಯವನ ಚರಿತ್ರೆಯನ್ನು ಹೇಳುವ ವಸ್ತು ಯಾವ ಸಂಗ್ರಹದಲ್ಲಿದೆ? ಅವನ ಬಳಿ ಇದ್ದದ್ದು ಕಂಬಳಿ, ಕತ್ತಿ. ಎರಡೂ ಸವೆದು ಮುಗಿದವು.

ಶಾಸನಗಳಲ್ಲಿ, ಕಡತಗಳಲ್ಲಿ ಸಿಗದ ಇವನನ್ನು ಹಿಡಿದಿಟ್ಟದ್ದು ಕಾದಂಬರಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿ, ತೀರ್ಥಹಳ್ಳಿ ಬದಿಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಪ್ರಕಟಿಸಿದರು. ಹತ್ತೊಂಬತ್ತನೇ ಶತಮಾನದ ಕೊನೆಯ ಮಲೆನಾಡಿನಲ್ಲಿ ಜೀತದಾಳುಗಳು ಹೇಗೆ ಬದುಕಿದರು, ಏನುಂಡರು, ಹೇಗೆ ಪ್ರೀತಿಸಿದರು ಎಂದು ತಿಳಿಯಲು ಇವತ್ತಿಗೂ ಅದಕ್ಕಿಂತ ದೊಡ್ಡ ಆಕರ ನನಗೆ ಕಾಣುವುದಿಲ್ಲ. ಕುಪ್ಪಳಿಯ ಕವಿಮನೆ ಈಗ ಸಂಗ್ರಹಾಲಯ. ನಾಡಿನ ಎಲ್ಲ ಕಡೆಯಿಂದ ಜನ ಬಂದು ಮರದ ಕಂಬ ಮುಟ್ಟಿ, ಕವಿಶೈಲಕ್ಕೆ ಹತ್ತಿ ಹೋಗುತ್ತಾರೆ. ಮನೆಯೊಳಗಿನ ಪಾತ್ರೆಪಗಡ, ಅಳತೆಯ ಪರಿಕರ ನೋಡುವಾಗ ಕವಿಯ ಬಾಲ್ಯ ನೆನಪಾದರೆ ಸಾಲದು, ಆ ಮನೆಯ ಅಂಗಳಕ್ಕೆ ಬಂದು ನಿಂತ, ಕಾದಂಬರಿಯ ಐತ, ಗುತ್ತಿಯರಂಥವರೂ ನೆನಪಾಗಬೇಕು. ಕವಿಯೇ ಅವರನ್ನು ನೆನೆದಿದ್ದಾರಲ್ಲ.

ನರಸಿಂಹರಾಜಪುರದ ಸಂಗತಿಯೇ ಬೇರೆ. ಎಡೇಹಳ್ಳಿ ಎಂದಿದ್ದ ಊರು 1915ರಲ್ಲಿ ಮೈಸೂರಿನ ಯುವರಾಜರ ಭೇಟಿಯ ನೆನಪಿಗೆ ಹೆಸರು ಬದಲಿಸಿಕೊಂಡಿತು. ತರೀಕೆರೆಯಿಂದ ಅಲ್ಲಿಗೆ ಒಂದು ಕಾಲದಲ್ಲಿ ಸಣ್ಣ ಹಳಿಯ ರೈಲು ಓಡುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ತಾಲ್ಲೂಕಿನ ಎಷ್ಟೋ ಗದ್ದೆ, ತೋಟ, ಮನೆ ಹಿನ್ನೀರಿನೊಳಗೆ ಹೋದವು. ದಾವಣಗೆರೆಯ ಬಯಲು ಹಸುರಾಯಿತು. ಬೇಸಗೆಯಲ್ಲಿ ನೀರು ಇಳಿದಾಗ ಹಳೆಯ ಊರಿನ ಜಾಗ ತೋರಿಸಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಇನ್ನೊಂದು ಕಡೆ, ಕೇರಳದಿಂದ ಬಂದು ಕಾಡಿನಂಚಿನಲ್ಲಿ ನೆಲೆನಿಂತ ಕುಟುಂಬಗಳ ಮೂರನೇ ತಲೆಮಾರು ಈಗ ಅಲ್ಲಿ ಕನ್ನಡ ಶಾಲೆಯಲ್ಲಿ ಓದಿ ದೊಡ್ಡವರಾಗಿದ್ದಾರೆ. ಊರು ಬಿಟ್ಟವರ ಚರಿತ್ರೆ, ಊರಿಗೆ ಬಂದವರ ಚರಿತ್ರೆ ಒಂದೇ ಸಂತೆಯಲ್ಲಿ ತರಕಾರಿ ಕೊಳ್ಳುತ್ತಿವೆ. ಇಬ್ಬರನ್ನೂ ಒಂದು ವೇದಿಕೆಗೆ ಕರೆದರೆ ಆ ಸಂಜೆ ಇಪ್ಪತ್ತು ನಿಮಿಷಕ್ಕೆ ಮುಗಿಯುವಂಥದ್ದಲ್ಲ.

ಇನ್ನೂ ಹತ್ತಿರದ್ದೂ ಇದೆ. 'ಮೇಕಿಂಗ್ ಹಿಸ್ಟರಿ' ಎಂಬ ಹೆಸರಿನಲ್ಲಿ ಕರ್ನಾಟಕದ ಜನರ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಬರೆದ ಸಾಕೇತ್ ರಾಜನ್, ನಕ್ಸಲ್ ನಾಯಕನಾಗಿ ಪೊಲೀಸರ ಗುಂಡಿಗೆ ಬಿದ್ದದ್ದು 2005ರ ಫೆಬ್ರವರಿಯಲ್ಲಿ, ಕೊಪ್ಪ ತಾಲ್ಲೂಕಿನ ಕಾಡಂಚಿನಲ್ಲಿ. ಆ ವರ್ಷಗಳಲ್ಲಿ ರಾತ್ರಿ ಬಾಗಿಲು ಬಡಿದ ಸದ್ದಿಗೆ ಯಾರು ಬಂದರೋ ಎಂದು ಹೆದರಿದ ಮನೆಗಳು, ಎರಡೂ ಕಡೆಯ ಅನುಮಾನಕ್ಕೆ ಸಿಕ್ಕಿ ನಲುಗಿದ ಹಾಡಿಗಳು ಇಲ್ಲೇ ಇವೆ. ಅದನ್ನು ಹೇಳಲು ಇನ್ನೂ ಕಾಲ ಬೇಕು ಅನ್ನುವವರನ್ನು ನಾನು ದೂರುವುದಿಲ್ಲ. ಆದರೆ ಕಾಲ ಬೇಕು ಎನ್ನುತ್ತಲೇ ನಾವು 1974ನ್ನೂ ದಾಟಿಬಿಟ್ಟೆವು, ಗೇಣಿ ಕಂಡವರೆಲ್ಲ ತೀರಿಕೊಳ್ಳುತ್ತಿದ್ದಾರೆ.

ಹತ್ತಿರದ ಚರಿತ್ರೆಯನ್ನು ಜಗಳವಾಗದೆ ಹೇಳುವುದು ಹೇಗೆ? ಇದಕ್ಕೆ ಉತ್ತರವನ್ನು ಹೊರಗಿನಿಂದ ತರಬೇಕಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಇಡೀ ಮಲೆನಾಡು ತಾಳಮದ್ದಲೆ ಕೂತು ಕೇಳಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಮದ್ದಲೆ, ಎದುರುಬದುರು ಕೂತ ಅರ್ಥಧಾರಿಗಳು. ವಾಲಿವಧೆಯ ರಾತ್ರಿ ಮರದ ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಕೇಳುವ ಪ್ರಶ್ನೆಗಳು ಸುಮ್ಮನೆ ಪ್ರಶ್ನೆಗಳಲ್ಲ. ಕೇಳುಗರು ದೇವರ ಪಕ್ಷದವರೇ, ಆದರೂ ವಾಲಿಯ ಅರ್ಥ ಸಪ್ಪೆಯಾದರೆ ಅವರಿಗೆ ಸಮಾಧಾನವಿಲ್ಲ. ರಾಮ ತಡವರಿಸುವಷ್ಟು ಗಟ್ಟಿಯಾಗಿ ವಾಲಿ ಕೇಳಬೇಕು, ಅಷ್ಟೇ ಗಟ್ಟಿಯಾಗಿ ರಾಮ ಹೇಳಬೇಕು. ನಡುರಾತ್ರಿ ಪ್ರಸಂಗ ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಅವಲಕ್ಕಿ ತಿನ್ನುತ್ತಾರೆ. ಇನ್ನೂ ಒಂದು ಮಾತು: ಇವತ್ತು ವಾಲಿಯ ಅರ್ಥ ಹೇಳಿದವರು ಮುಂದಿನ ಕೂಟದಲ್ಲಿ ರಾಮನ ಅರ್ಥ ಹೇಳಬೇಕಾಗುತ್ತದೆ. ಎದುರಾಳಿಯ ವಾದವನ್ನು ಒಳಹೊಕ್ಕು ಕಲಿಯದೆ ವಿಧಿಯಿಲ್ಲ.

ಶೃಂಗೇರಿಯಲ್ಲಿ ಪ್ರತಿವರ್ಷ ಭಾದ್ರಪದದ ಚೌತಿಯಿಂದ ವಾಕ್ಯಾರ್ಥ ಸಭೆ ನಡೆಯುತ್ತದೆ. ದೇಶದ ಬೇರೆ ಬೇರೆ ಕಡೆಯ ಪಂಡಿತರು ಗುರುಗಳ ಸನ್ನಿಧಿಯಲ್ಲಿ ಕೂತು ಶಾಸ್ತ್ರದ ಮೇಲೆ ವಾದಿಸುತ್ತಾರೆ. ಅಲ್ಲಿಯೂ ಪೂರ್ವಪಕ್ಷವನ್ನು ಬಲವಾಗಿ ಹೇಳದೆ ಸಿದ್ಧಾಂತಕ್ಕೆ ಹೋಗುವಂತಿಲ್ಲ. ಸಂಸ್ಕೃತದ ಆ ಸಭೆಗೂ ಜಗುಲಿಯ ತಾಳಮದ್ದಲೆಗೂ ಭಾಷೆ, ಜಾತಿ, ಮರ್ಯಾದೆಯಲ್ಲಿ ಎಷ್ಟು ದೂರವಿದ್ದರೂ ಮಾತಿನ ನೀತಿ ಒಂದೇ. ಇಂಥ ಎರಡು ಪರಂಪರೆ ಇಟ್ಟುಕೊಂಡ ನೆಲದಲ್ಲಿ ಇತಿಹಾಸದ ಉಪನ್ಯಾಸ ಮಾತ್ರ ಒಬ್ಬರೇ ಹೇಳಿ, ಯಾರೂ ಕೇಳದೆ, ಹಾರದಲ್ಲಿ ಮುಗಿಯುವುದು ನಾಚಿಕೆಯ ವಿಷಯ.

ವಸ್ತುಗಳನ್ನು ಕೂಡಿಡುವ ಕೆಲಸವನ್ನು ನಾನು ಕಡೆಗಣಿಸುತ್ತಿಲ್ಲ. ಸಾಗರದ ಬಳಿ ಕೆಳದಿಯಲ್ಲಿ ಗುಂಡಾ ಜೋಯಿಸರು ಮನೆಮನೆ ಅಲೆದು ತಾಳೆಗರಿ, ಕಾಗದಪತ್ರ, ಹಳೆಯ ಸಾಮಾನು ತಂದು ವಸ್ತುಸಂಗ್ರಹಾಲಯ ಕಟ್ಟದಿದ್ದರೆ ಕೆಳದಿ ಅರಸರ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಎಷ್ಟೋ ಗೆದ್ದಲಿಗೆ ಹೋಗುತ್ತಿತ್ತು. ಒಬ್ಬ ಮನುಷ್ಯ ಜೀವನವಿಡೀ ಹಟ ಹಿಡಿದರೆ ಆಗುವ ಕೆಲಸ ಅದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳ ಅಟ್ಟದಲ್ಲಿ ಇನ್ನೂ ಬೇಕಾದಷ್ಟಿದೆ. ಗೇಣಿಚೀಟಿ, ಅಡಿಕೆ ಮಂಡಿಯ ಪಟ್ಟಿ, ಸೊಸೈಟಿಯ ಸಾಲದ ಪುಸ್ತಕ, ಮದುವೆಯ ಮುಯ್ಯಿ ಲೆಕ್ಕ. ಹಳೆಯ ಮನೆ ಕೆಡವಿ ಆರ್‌ಸಿಸಿ ಹಾಕಿಸುವ ದಿನ ಕಂಬ, ಬಾಗಿಲು ಹಳೆ ಸಾಮಾನಿನ ವ್ಯಾಪಾರಿಯ ಲಾರಿ ಹತ್ತುತ್ತವೆ, ಕಾಗದ ಬಚ್ಚಲ ಒಲೆಗೆ ಹೋಗುತ್ತದೆ. ಗೆದ್ದಲಿಗಿಂತ ವೇಗವಾಗಿ ಕೆಲಸ ಮಾಡುವವರು ನಾವೇ.

ಆದ್ದರಿಂದ ಈ ಮೂರು ತಾಲ್ಲೂಕುಗಳಲ್ಲಿ ದತ್ತಿ ಉಪನ್ಯಾಸ ನಡೆಸುವವರಲ್ಲಿ, ಶಾಲೆ ಕಾಲೇಜುಗಳಲ್ಲಿ ಹಳೆಯ ವಸ್ತುಗಳ ಕೋಣೆ ಇಟ್ಟವರಲ್ಲಿ ಒಂದು ವಿನಂತಿ. ವರ್ಷದಲ್ಲಿ ಒಂದು ಸಂಜೆ ಸನ್ಮಾನ, ಉದ್ಘಾಟನೆ ಎಲ್ಲ ಬಿಟ್ಟುಬಿಡಿ. ವ್ಯಾಸಪೀಠದ ಜಾಗದಲ್ಲಿ ಒಂದು ಮೇಜು ಹಾಕಿ ಅದರ ಮೇಲೆ ಯಾರದಾದರೂ ಮನೆಯ ಕೊಳಗವೊಂದನ್ನು ಇಡಿ. ಕಡತ, ಶಾಸನ, ಕಾನೂನು ಬಲ್ಲವರೊಬ್ಬರು ಮೊದಲು ಅರ್ಧ ಗಂಟೆ ದಾಖಲೆಯಲ್ಲಿ ಇರುವಷ್ಟನ್ನು ಹೇಳಲಿ. ಆಮೇಲೆ ಇಬ್ಬರನ್ನು ಎದುರುಬದುರು ಕೂರಿಸಿ. ಧಣಿಯ ಮನೆಯಿಂದ ಬಂದವರು ಒಕ್ಕಲಿನವರ ಅರ್ಥ ಹೇಳಲಿ, ಒಕ್ಕಲಿನ ಮನೆಯಿಂದ ಬಂದವರು ಧಣಿಯ ಅರ್ಥ ಹೇಳಲಿ. ಕೂಲಿಯವರ ಮನೆಯ ಒಬ್ಬರು ಇಬ್ಬರನ್ನೂ ಪ್ರಶ್ನೆ ಕೇಳಲಿ. ಸಭೆಗೆ ಬರುವವರಿಗೆ ಮನೆಯಲ್ಲಿರುವ ಹಳೆಯ ಕಾಗದ ತರಲು ಹೇಳಿ, ಅಲ್ಲೇ ಫೋಟೋ ತೆಗೆದುಕೊಂಡು ಅಲ್ಲೇ ವಾಪಸು ಕೊಡಿ. ಕೊಯ್ಲು, ಪರೀಕ್ಷೆ ಮುಗಿದು ಮದುವೆ ಶುರುವಾಗುವ ಮೊದಲು ಎರಡು ವಾರ ಬಿಡುವಿರುತ್ತದೆ, ದಿನ ಗೊತ್ತುಮಾಡಿ. ಗೇಣಿ ಅಳೆದದ್ದನ್ನು ಕಣ್ಣಾರೆ ಕಂಡವರು ಎಂಬತ್ತು ದಾಟಿದ್ದಾರೆ, ಅವರನ್ನು ಕರೆದುಕೊಂಡು ಬರಲು ಒಂದು ಜೀಪು ಕಳಿಸಿ.